ಸೊಂಟದ ಮೂಳೆ ಮುರಿದ ಹಿರಿಯರ ನೋವು

ಮನೆಯ ಹಿರಿಯರು ಜಾರಿ ಬಿದ್ದು, ಸೊಂಟದ ಕೀಲಿನ ಬಳಿ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ, ವಯಸ್ಸಾದವರಿಗೆ ನೋವು ಸಹಜವೆಂದು ಮಗ ಸೊಸೆ ಸುಮ್ಮನಿರುವುದುಂಟು. ಇದು ತಪ್ಪು. ನೋವಿಗೆ ಹೆದರಿ ಮಲಗಿಯೇ ಇದ್ದರೆ ನ್ಯುಮೋನಿಯಾ, ಬೆನ್ನಿನ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದಲೇ ಸಾಮಾನ್ಯವಾಗಿ ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತೇವೆ. ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಮಾತ್ರೆಯನ್ನು, ನೋವು ಹೆಚ್ಚುವವರೆಗೆ ಕಾಯದೆ, ಹೇಳಿದ ವೇಳೆಗೆ ತಪ್ಪದೆ ಕೊಡಿರಿ. ಒಂದು ವೇಳೆಯ ಮಾತ್ರೆ ನಡೆಸುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲು ಬರುವಂತೆ ಹೊಂದಿಸಿಕೊಳ್ಳಿರಿ. ಅಂಗಡಿಯಿಂದ ಡೈಕ್ಲೋಫೆನಾಕ್ ಮುಂತಾದವನ್ನು ತಂದು ಕೊಡಬಾರದು. ವೃದ್ಧರ ಮೂತ್ರಪಿಂಡಕ್ಕೂ ಜಠರಕ್ಕೂ ಅವುಗಳಿಂದ ಹಾನಿಯುಂಟು. ನಮ್ಮ ಅಜ್ಜಿಯರಂತೂ ನೋವೆಂದು ಬಾಯಿಬಿಟ್ಟು ಹೇಳುವವರಲ್ಲ. ಕಾಲು ಅಲುಗಿಸುವಾಗ ಅವರ ಮುಖವನ್ನು ಗಮನಿಸಿರಿ. ನೋವು ಹಠಾತ್ತನೆ ಹೆಚ್ಚಿದರೆ, ಮೀನಖಂಡ ಬಾತುಕೊಂಡರೆ, ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ.