ಅಂಗಳಕ್ಕೆ ಬಂದ ಶಾಲೆ

‘ಮಗೂನ ಅಂಗನವಾಡಿಗೆ ಬಿಟ್ಟು ಬರ್ತೀನಿ’ ಎಂದು ಹೊರಡುವ ತಾಯಿಗೆ ಆ ಪದ ಬೇರೆ ಸೀಮೆಯದೆಂದು ಅನಿಸುವುದೇ ಇಲ್ಲ. ಅಷ್ಟು ನಮ್ಮದಾಗಿದೆ ಅದು. ಮರಾಠಿಯ ‘ಅಂಗಣ’ ನಮ್ಮ ಅಂಗಳವೇ. ‘ವಾಡಿ’ ಎಂದರೆ ತೋಟ. ಮಹಾರಾಷ್ಟ್ರದ ಡಹಾಣು ಕರಾವಳಿಯಲ್ಲಿ ಸಪೋಟ ತೋಟಗಳನ್ನೂ ವಾಡಿ ಎಂದೇ ಕರೆಯುತ್ತಾರೆ. ಆ ತೋಟಗಳ ಮಗ್ಗುಲಲ್ಲಿ, ಬೋರ್ಡಿ ಎಂಬ ಕಡಲೂರಿನಲ್ಲೂ ಕೋಸಬಾಡ್ ಗುಡ್ಡದ ಮೇಲೂ ಇಬ್ಬರು ಹೆಂಗಸರು ಬೆಳೆಸಿದ ಮಕ್ಕಳ ತೋಟದಲ್ಲಿ ಈ ಪದದ ಬೇರಿದೆ.

ಮೊದಲನೆಯವರು ತಾರಾಬಾಯಿ ಮೋಡಕ್. 1892ರಲ್ಲಿ ಮುಂಬೈಯಲ್ಲಿ ಹುಟ್ಟಿ, ರಾಜಕೋಟದ ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಆರಂಭಿಸಿದ್ದ ಬಾಲಮಂದಿರ ಅವರನ್ನು ಸೆಳೆಯಿತು. ಆ ಹುದ್ದೆ ಬಿಟ್ಟು ಅಲ್ಲಿಗೆ ಹೋದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. ಅಲ್ಲಿ ಅನುಸರಿಸುತ್ತಿದ್ದ ಮಾಂಟೆಸ್ಸರಿ ಪದ್ಧತಿ ಚೆನ್ನಾಗಿತ್ತು, ಆದರೆ ಅದರ ಸಲಕರಣೆಗಳು ದುಬಾರಿ. ಕಲಿಯುತ್ತಿದ್ದವರು ಉಳ್ಳವರ ಮಕ್ಕಳು. ಹಳ್ಳಿಯ ಬಡ ಮಗುವಿಗೆ ಇದು ಸಿಗುವುದು ಹೇಗೆ? ಆ ಪ್ರಶ್ನೆ ಹೊತ್ತು 1945ರಲ್ಲಿ ಅವರು ಬೋರ್ಡಿಗೆ ಬಂದರು. ಅದೇ ವರ್ಷ ಅನುತಾಯಿ ವಾಘ್ ಬಂದು ತಾರಾಬಾಯಿಯವರ ಜೊತೆಗೂಡಿದರು. ಹದಿಮೂರಕ್ಕೆ ಮದುವೆಯಾಗಿ, ಆರು ತಿಂಗಳೊಳಗೆ ಗಂಡನನ್ನು ಕಳೆದುಕೊಂಡು, ಓದಿ ಶಿಕ್ಷಕಿಯಾದ ಹೆಣ್ಣುಮಗಳು ಆಕೆ. 1992ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕೆಲ್ಲ ಈ ಮಕ್ಕಳಿಗೇ ಸಂದಿತು.

ಆ ಸೀಮೆ ವಾರ್ಲಿ ಆದಿವಾಸಿಗಳದು. ಮದುವೆಗೆಂದು ಸಾಲ ಮಾಡಿದ ಗಂಡ–ಹೆಂಡಿರು ಸಾಹುಕಾರನ ಮನೆಯಲ್ಲಿ ವರ್ಷಗಟ್ಟಲೆ ಜೀತ ಮಾಡುತ್ತಿದ್ದರು. ಈ ಜೀತ, ಬಿಟ್ಟಿ ದುಡಿಮೆಗಳ ವಿರುದ್ಧ ಗೋದಾವರಿ ಪರುಳೇಕರ್ ಅವರ ಮುಂದಾಳತ್ವದಲ್ಲಿ ವಾರ್ಲಿಗಳು ದಂಗೆಯೆದ್ದದ್ದೂ 1945ರಲ್ಲೇ. ಇಂಥ ಮನೆಗಳ ಮಕ್ಕಳಿಗಾಗಿ ಬಾಲವಾಡಿಯ ಬಾಗಿಲು ತೆರೆದರೆ ಯಾರು ಬರಬೇಕು? ಐದಾರು ವರ್ಷದ ಹುಡುಗಿಯ ಸೊಂಟದಲ್ಲಿ ತಮ್ಮನಿರುತ್ತಿದ್ದ. ಹುಡುಗ ದನದ ಹಿಂದೆ ಹೋಗಿರುತ್ತಿದ್ದ.

ಮಕ್ಕಳು ಬಾರದಿದ್ದರೆ ಶಾಲೆಯೇ ಹೋಗಬೇಕು ಎಂದು ಶಿಕ್ಷಕಿಯರು ಹಾಡಿಗಳಿಗೆ ನಡೆದರು. ಗುಡಿಸಲ ಮುಂದಿನ ಅಂಗಳದಲ್ಲಿ ಕೂತರು. ಅಕ್ಷರದ ಮಾತಿಲ್ಲ, ಮೊದಲು ಸ್ನಾನ. ತಲೆ ಬಾಚಿ, ಉಗುರು ಕತ್ತರಿಸಿ, ಕಜ್ಜಿಗೆ ಔಷಧಿ ಹಚ್ಚಿದ ಮೇಲೆ ಹಾಡು, ಕತೆ, ಆಟ. ಇದೇ ಅಂಗಣ ಬಾಲವಾಡಿ. ಅಂಗಳದಲ್ಲಿ ನಡೆಯುವ ಶಾಲೆಯನ್ನು ಅಜ್ಜಿಯೂ ನೋಡುತ್ತಿದ್ದಳು, ತಾಯಿಯೂ ನೋಡುತ್ತಿದ್ದಳು. ನೋಡುತ್ತ ನೋಡುತ್ತ ನಂಬಿಕೆ ಬಂತು.

ದುಬಾರಿ ಸಲಕರಣೆಯ ಪ್ರಶ್ನೆಗೆ ಕಾಡೇ ಉತ್ತರ ಕೊಟ್ಟಿತು. ಎಣಿಸಲು ಬೀಜ, ಕಲ್ಲು, ಕಪ್ಪೆಚಿಪ್ಪು. ಆಕಾರ ಹೊಂದಿಸಲು ಎಲೆ. ಉದ್ದ–ಗಿಡ್ಡ ತಿಳಿಯಲು ಕಡ್ಡಿ. ಒರಟು–ನಯ ಅರಿಯಲು ಮರದ ತೊಗಟೆ, ಹೊಳೆಗಲ್ಲು. ಮಗುವಿನ ಕೈ, ಕಣ್ಣು ಪಳಗಬೇಕೆಂಬ ಮಾಂಟೆಸ್ಸರಿಯ ತಿರುಳು ಹಾಗೇ ಉಳಿಯಿತು, ಖರ್ಚು ಇಳಿಯಿತು. ಮಗುವಿಗೂ ಆ ವಸ್ತುಗಳೆಲ್ಲ ಮೊದಲೇ ಗೊತ್ತಿದ್ದ ಗೆಳೆಯರು.

1950ರ ದಶಕದ ಕೊನೆಗೆ ಕೆಲಸ ಕೋಸಬಾಡ್ ಗುಡ್ಡಕ್ಕೆ ಏರಿತು. ಅಲ್ಲಿ ಶಿಶುಪಾಲನೆ, ಬಾಲವಾಡಿ, ಪ್ರಾಥಮಿಕ ತರಗತಿ ಮೂರನ್ನೂ ಒಂದೇ ಆವರಣಕ್ಕೆ ತಂದು ‘ವಿಕಾಸವಾಡಿ’ ಎಂದು ಕರೆದರು. ತಮ್ಮನನ್ನು ಹೊತ್ತು ಬಂದ ಅಕ್ಕ ಅವನನ್ನು ತೊಟ್ಟಿಲಿಗೆ ಒಪ್ಪಿಸಿ ತಾನು ತರಗತಿಯಲ್ಲಿ ಕೂರಬಹುದಿತ್ತು. ಕೂಸನ್ನು ನೋಡಿಕೊಂಡದ್ದರಿಂದ ಅಕ್ಕನ ಓದು ಉಳಿಯಿತು. ದನ ಕಾಯುವ ಹುಡುಗರಿಗೆ ಹುಲ್ಲುಗಾವಲಿನಲ್ಲೇ ‘ಕುರಣ ಶಾಲೆ’ ನಡೆಯಿತು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಅಂಗನವಾಡಿ ಎಂಬ ಹೆಸರು ದೇಶದ್ದಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳೂ ಬಂದಿವೆ. ಆ ತೊಟ್ಟಿಲು ಕಂಡರೆ ವಿಕಾಸವಾಡಿಯ ಅಕ್ಕ ನೆನಪಾಗುತ್ತಾಳೆ.

ನಮ್ಮ ಅಂಗನವಾಡಿ ಟೀಚರ್ ಬೆಳಿಗ್ಗೆಯಿಂದ ಏನೆಲ್ಲ ಮಾಡುತ್ತಾರೆ! ಮಕ್ಕಳ ತೂಕ ನೋಡಬೇಕು, ಬಸುರಿ–ಬಾಣಂತಿಯರಿಗೆ ಆಹಾರ ಕೊಡಬೇಕು, ಲಸಿಕೆಯ ದಿನ ನೆನಪಿಸಬೇಕು, ರಿಜಿಸ್ಟರ್ ಬರೆಯಬೇಕು, ಮೊಬೈಲಿಗೂ ತುಂಬಬೇಕು, ಸಮೀಕ್ಷೆಗೂ ಓಡಬೇಕು. ಅವರ ಸಂಬಳಕ್ಕೆ ಇಂದಿಗೂ ಗೌರವಧನ ಎಂದೇ ಹೆಸರು. ಗ್ರಾಚ್ಯುಟಿಗೆ ಅವರು ಹಕ್ಕುದಾರರೆಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು, ಅದೂ 2022ರಲ್ಲಿ. ಇಷ್ಟೆಲ್ಲದರ ನಡುವೆ ಸವೆದುಹೋಗುವುದು ಕತೆ–ಹಾಡಿನ ಹೊತ್ತು. ಕೋಸಬಾಡ್ ಎಲ್ಲಕ್ಕಿಂತ ಜೋಪಾನ ಮಾಡಿದ್ದು ಅದನ್ನೇ.

ಕಟ್ಟಡ, ಬಣ್ಣದ ಗೋಡೆ, ಆಟಿಕೆ ಎಲ್ಲವೂ ಬೇಕು. ಎಲ್ಲಕ್ಕಿಂತ ಮೊದಲು, ನೆಲದ ಮೇಲೆ ಮಗುವಿನ ಎದುರು ಕೂರುವಷ್ಟು ಬಿಡುವನ್ನು ಟೀಚರಿಗೆ ಕೊಡಬೇಕು. ನಾಳೆ ನಿಮ್ಮ ಓಣಿಯ ಅಂಗನವಾಡಿಯ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತು ಕಿವಿಗೊಡಿ. ಒಳಗಿನಿಂದ ಹಾಡು ಕೇಳಿಸಿದರೆ ಆ ಹೆಸರಿನ ತೋಟ ಇನ್ನೂ ಹಸಿರಾಗಿದೆ.