ಪೇಟೆಯ ಹೂವು, ಹೆಸರಘಟ್ಟದ ತಳಿ: ಅಲಂಕಾರ ಪುಷ್ಪಗಳ ತಳಿ ಸುಧಾರಣೆ ಮತ್ತು ಜನಪದ ವಿವೇಕ

ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳು ತಮ್ಮ ಕಸುಬನ್ನು ಹೆಸರಿನಲ್ಲಿಯೇ ಉಳಿಸಿಕೊಂಡಿವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಇವೆಲ್ಲ ಅಂತಹ ಹೆಸರುಗಳು. ಹೂವಿಗೆ ಮಾತ್ರ ಅಂತಹ ಒಂದು ಪೇಟೆ ಮೀಸಲಾದಂತೆ ಕಾಣುವುದಿಲ್ಲ. ಅದು ಎಲ್ಲ ಪೇಟೆಗಳಲ್ಲಿಯೂ ಇದೆ. ಅಕ್ಕಿಪೇಟೆಯ ಮಂಡಿಯ ಗಲ್ಲಾಪೆಟ್ಟಿಗೆಯ ಮೇಲಿನ ದೇವರಪಟಕ್ಕೂ, ಮದುವೆಮನೆಯ ಹಾರಕ್ಕೂ, ಶವಯಾತ್ರೆಗೂ ಹೂವು ಬೇಕು. ಸಮೀಪದ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ನಸುಕಿನಲ್ಲಿಯೇ ರಾಶಿಬೀಳುವ ಸುಗಂಧರಾಜ, ಕನಕಾಂಬರ, ಸೇವಂತಿಗೆಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಈ ಬದಲಾವಣೆಯ ಒಂದು ಮೂಲ ಪೇಟೆಯ ವಾಯವ್ಯಕ್ಕಿರುವ ಹೆಸರಘಟ್ಟದಲ್ಲಿದೆ. ಒಳ್ಳೆಯ ಹೂವು ಯಾವುದೆಂದು ತಳಿವಿಜ್ಞಾನ ಹೇಗೆ ನಿರ್ಧರಿಸುತ್ತದೆ, ಹೂ ಕಟ್ಟುವ ಕೈ ಹೇಗೆ ನಿರ್ಧರಿಸುತ್ತದೆ ಎಂಬುದರ ವಿವೇಚನೆಯೇ ಪ್ರಸ್ತುತ ಲೇಖನದ ಉದ್ದೇಶ.

ಪೇಟೆಗೂ ಹೂದೋಟಕ್ಕೂ ಇರುವ ನಂಟು ಹಳೆಯದು. ತಿಗಳರು ಪರಂಪರೆಯಿಂದ ತೋಟಗಾರರು. ಧರ್ಮರಾಯಸ್ವಾಮಿ ದೇವಾಲಯವಿರುವ ತಿಗಳರಪೇಟೆ ಅವರ ಹೆಸರನ್ನೇ ಹೊತ್ತಿದೆ. ಚೈತ್ರ ಪೌರ್ಣಮಿಯ ರಾತ್ರಿ ಹೊರಡುವ ಹೂವಿನ ಕರಗ ಮಲ್ಲಿಗೆಯಿಂದ ಸಿಂಗಾರಗೊಂಡು, ಅರಳೆಪೇಟೆಯ ಮಸ್ತಾನ್ ದರ್ಗಾವನ್ನು ಸಂದರ್ಶಿಸುತ್ತದೆ. ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್ ಹೊರನಾಡಿನ ಸಸ್ಯಗಳನ್ನು ಈ ನೆಲಕ್ಕೆ ಪರಿಚಯಿಸಿತು. ಸ್ವಾತಂತ್ರ್ಯಾನಂತರ, 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೆಸರಘಟ್ಟದಲ್ಲಿ ನೆಲೆಗೊಂಡು, ಹೂವಿನ ತಳಿ ಅಭಿವೃದ್ಧಿಯನ್ನೂ ಕೈಗೊಂಡಿತು. ಸಂಸ್ಥೆಯ ಅನೇಕ ತಳಿಗಳ ಹೆಸರು ‘ಅರ್ಕ’ ಎಂದು ಆರಂಭವಾಗುತ್ತದೆ. ಹೆಸರಘಟ್ಟದ ಕೆರೆಗೆ ನೀರು ತರುವ ನದಿ ಅರ್ಕಾವತಿ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆನೀರು ಬಂದುದೂ ಇದೇ ಕೆರೆಯಿಂದ.

ಸುಗಂಧರಾಜದ ಮೂಲ ಮೆಕ್ಸಿಕೊ. ಸಸ್ಯಶಾಸ್ತ್ರಜ್ಞರು ಈಗ ಅದನ್ನು ಕತ್ತಾಳೆಯ ಕುಲದಲ್ಲಿಯೇ ಸೇರಿಸಿದ್ದಾರೆ. ಇದರಲ್ಲಿ ಒಂಟಿಸುತ್ತಿನ ಎಸಳಿನದು, ಹಲಸುತ್ತಿನ ಎಸಳಿನದು ಎಂಬ ಎರಡು ಬಗೆಗಳು ಮುಖ್ಯ. ಮೊದಲನೆಯದು ಬಿಡಿಹೂವಾಗಿ ಹಾರಕ್ಕೆ ಸಲ್ಲುತ್ತದೆ. ಎರಡನೆಯದು ಕಡ್ಡಿಸಹಿತ ಕುಂಡವನ್ನು ಅಲಂಕರಿಸುತ್ತದೆ. ಹೆಸರಘಟ್ಟದ ವಿಜ್ಞಾನಿಗಳು ಈ ಎರಡನ್ನೂ ಸಂಕರಗೊಳಿಸಿ ‘ಶೃಂಗಾರ್’ ಮತ್ತು ‘ಸುವಾಸಿನಿ’ ತಳಿಗಳನ್ನು ಪಡೆದರು. ಶೃಂಗಾರ್ ಒಂಟಿಸುತ್ತಿನದು, ಸುವಾಸಿನಿ ಹಲಸುತ್ತಿನದು. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳುವಿನ ಬಾಧೆಯನ್ನು ತಾಳಿಕೊಳ್ಳುವ ಗುಣ ಶೃಂಗಾರ್‌ಗೆ ಇದೆ. ಮುಂದೆ ಶೃಂಗಾರ್ ಮತ್ತು ಮೆಕ್ಸಿಕನ್ ಸಿಂಗಲ್ ತಳಿಗಳ ಸಂಕರದಿಂದ ‘ಪ್ರಜ್ವಲ್’ ಬಂದಿತು. ಇದರ ಹೂವು ಶೃಂಗಾರ್‌ಗಿಂತ ದೊಡ್ಡದು.

ಸಂಕರಣದ ಕ್ರಮ ಹೀಗಿದೆ: ತಾಯಿಗಿಡದ ಹೂವಿನ ಕೇಸರಗಳನ್ನು ಪರಾಗ ಚೆಲ್ಲುವ ಮೊದಲೇ ತೆಗೆದು, ಆಯ್ದ ತಂದೆಗಿಡದ ಪರಾಗವನ್ನು ಶಲಾಕಾಗ್ರಕ್ಕೆ ಲೇಪಿಸುತ್ತಾರೆ. ಕಟ್ಟಿದ ಬೀಜದಿಂದ ಹುಟ್ಟುವ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಅವುಗಳಲ್ಲಿ ಉತ್ತಮವಾದ ಒಂದನ್ನು ಆರಿಸಿ, ಅದರ ಗೆಡ್ಡೆಗಳಿಂದ ಸಂತತಿಯನ್ನು ಬೆಳೆಸುತ್ತಾರೆ. ಗೆಡ್ಡೆಯಿಂದ ಬಂದ ಗಿಡ ತಾಯಿಯ ಪ್ರತಿರೂಪವೇ ಆದುದರಿಂದ ಆಯ್ದ ಗುಣ ಚದುರದೆ ಉಳಿಯುತ್ತದೆ. ಇನ್ನೊಂದು ಮಾರ್ಗ ವಿಕಿರಣದ್ದು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ‘ರಜತರೇಖಾ’ ಮತ್ತು ‘ಸ್ವರ್ಣರೇಖಾ’ ತಳಿಗಳು ಗಾಮಾ ಕಿರಣದಿಂದ ಉಂಟಾದ ಮಾರ್ಪಾಡುಗಳು.

ಎಲ್ಲ ಸಂಕರಗಳೂ ಫಲಿಸುವುದಿಲ್ಲ. ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ, ದಕ್ಷಿಣ ಆಫ್ರಿಕದ ಕ್ಯಾಲಾ ಲಿಲಿ ಇದಕ್ಕೆ ಉತ್ತಮ ನಿದರ್ಶನ. ಅದರ ಬಿಳಿಹೂವಿನ ಪ್ರಭೇದವನ್ನು ಬಣ್ಣದ ಪ್ರಭೇದಗಳೊಡನೆ ಕೂಡಿಸಿದಾಗ ಬೆಳೆಯುತ್ತಿರುವ ಭ್ರೂಣ ಸೊರಗುತ್ತದೆ. ಅದನ್ನು ಬೀಜದಿಂದ ಬಿಡಿಸಿ ಪೋಷಕ ಮಾಧ್ಯಮದಲ್ಲಿ ಸಾಕಿದರೂ ಸಸಿಗಳು ಪತ್ರಹರಿತ್ತಿಲ್ಲದೆ ಬಿಳಿಚಿಕೊಳ್ಳುತ್ತವೆ. ಒಂದರ ಕೋಶಕೇಂದ್ರವೂ ಇನ್ನೊಂದರ ಹರಿತ್ತುಕಣವೂ ಹೊಂದಿಕೊಳ್ಳದಿರುವುದೇ ಇದಕ್ಕೆ ಕಾರಣ. ಜೈವಿಕ ತಂತ್ರಜ್ಞಾನ ದಾರಿ ತೆರೆಯಬಲ್ಲದು. ಸಸ್ಯಗಳ ಒಳಸಂಬಂಧವನ್ನು ಅಲಕ್ಷಿಸಲಾರದು.

ಕನಕಾಂಬರದ ಸಂಗತಿ ಮತ್ತೊಂದು ಬಗೆಯದು. ‘ಡೆಲ್ಲಿ’ ಎಂದು ಪ್ರಸಿದ್ಧವಾದ ತಳಿಯಲ್ಲಿ ವರ್ಣತಂತುಗಳು ಎರಡರ ಬದಲು ಮೂರು ಜೊತೆಯಾಗಿರುವುದರಿಂದ ಅದು ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು. ಸಂತಾನಸಮೃದ್ಧಿಯ ಸಂಕೇತವಾಗಿ ಬಸುರಿಯ ಜಡೆಗೆ ಮುಡಿಸುವ ಹೂವೇ ಸ್ವತಃ ಬಂಜೆಯಾಗಿರುವುದು ಸಂಪ್ರದಾಯದ ಕಣ್ಣಿಗೆ ಬಿದ್ದಿಲ್ಲ; ಬೀಳುವ ಅಗತ್ಯವೂ ಇರಲಿಲ್ಲ. ಆದರೆ ಒಂದೇ ಗಿಡದ ಪ್ರತಿರೂಪಗಳಿಂದ ತುಂಬಿದ ತೋಟಕ್ಕೆ ಸೊರಗುರೋಗ ತಗಲಿದಾಗ ತಡೆಯಬಲ್ಲ ಗಿಡ ಒಂದೂ ಉಳಿಯದಿರಬಹುದು. ಹೆಸರಘಟ್ಟದಿಂದ ಬಂದ ‘ಅರ್ಕ ಅಂಬರ’, ‘ಅರ್ಕ ಕನಕ’ ಮುಂತಾದ ತಳಿಗಳು ಬೆಳೆಗಾರನ ಆಯ್ಕೆಯನ್ನು ವಿಸ್ತರಿಸಿದುದರ ಮಹತ್ತ್ವ ಇಲ್ಲಿದೆ.

ತಳಿಶಾಸ್ತ್ರ ಇಳುವರಿ, ಗಾತ್ರ, ಬಣ್ಣ, ರೋಗಸಹಿಷ್ಣುತೆಗಳನ್ನು ಅಳೆಯುತ್ತದೆ. ಹೂವಾಡಗಿತ್ತಿ ಅಳೆಯುವುದು ಬೇರೆ ಗುಣಗಳನ್ನು: ಬಾಳೆನಾರಿನ ಗಂಟಿಗೆ ತೊಟ್ಟು ನಿಲ್ಲುತ್ತದೆಯೇ, ಮೊಗ್ಗು ಸಂಜೆಗೆ ಅರಳುತ್ತದೆಯೇ, ಮೊಳ ಹಾಕುವಾಗ ಎಸಳು ಉದುರುತ್ತದೆಯೇ, ಮರುದಿನದವರೆಗೆ ಬಾಡದಿರುತ್ತದೆಯೇ. ಇದು ವ್ಯವಹಾರದ ಎಣಿಕೆ ಮಾತ್ರವಲ್ಲ; ತಲೆಮಾರುಗಳಿಂದ ಬೆರಳತುದಿಯಲ್ಲಿ ಉಳಿದುಬಂದ ಪರೀಕ್ಷಾಕ್ರಮ. ಬಿಡಿಹೂವಿಗಾಗಿ ಒಂಟಿಸುತ್ತಿನ ತಳಿಗಳನ್ನು ರೂಪಿಸಿದಾಗ ವಿಜ್ಞಾನವೂ ಹಾರದ ಈ ಬೇಡಿಕೆಯನ್ನೇ ಮಾನ್ಯಮಾಡಿದಂತಾಯಿತು.

ಈ ತಿಳಿವಳಿಕೆಗೆ ಕಾನೂನಿನ ಆಸರೆಯೂ ಇದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001, ರೈತರು ಉಳಿಸಿದ ತಳಿಗಳ ನೋಂದಣಿಗೆ ಅವಕಾಶ ಕಲ್ಪಿಸಿತು. ಮೈಸೂರು, ಉಡುಪಿ ಮತ್ತು ಹಡಗಲಿ ಮಲ್ಲಿಗೆಗಳು ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದಿವೆ. ಆದರೆ ಈ ಕಾಯಿದೆಗಳು ಕಾಣುವುದು ಬೆಳೆಗಾರನನ್ನೂ ಪ್ರದೇಶವನ್ನೂ. ಹೂವಿನ ಗುಣವನ್ನು ದಿನವೂ ಪರೀಕ್ಷಿಸುವ ಕಟ್ಟುಗಾರ್ತಿಯನ್ನಲ್ಲ. ಆಕೆಯ ಜ್ಞಾನ ದಾಖಲೆಗೆ ಬಾರದೆ ಹೋದರೆ, ಯಂತ್ರದಿಂದ ಹೆಣೆದ ಹಾರ ಮತ್ತು ಪ್ಲಾಸ್ಟಿಕ್ ಹೂವುಗಳ ನಡುವೆ ಅದು ಒಂದೆರಡು ತಲೆಮಾರಿನಲ್ಲಿ ಅಳಿಯಬಹುದು.

ಹೀಗೆ ಹೂವಿನ ಸುಧಾರಣೆ ಪ್ರಯೋಗಾಲಯದಲ್ಲಿ ಆರಂಭವಾದರೂ ಅಲ್ಲಿಗೇ ಮುಗಿಯುವುದಿಲ್ಲ. ಪೇಟೆಯ ಜಗುಲಿಯ ಮೇಲೆ, ನಾರು ಹಿಡಿದ ಬೆರಳುಗಳ ನಡುವೆ ಅದು ಅಂತಿಮ ಪರೀಕ್ಷೆಗೆ ಒಳಗಾಗುತ್ತದೆ. ತಳಿವಿಜ್ಞಾನಿಯೂ ಜಾನಪದ ಸಂಶೋಧಕನೂ ಒಟ್ಟಾಗಿ ಆ ಪರೀಕ್ಷೆಯ ಮಾನದಂಡಗಳನ್ನು ಪಟ್ಟಿಮಾಡುವುದು ಎರಡೂ ಶಿಸ್ತುಗಳಿಗೆ ಒದಗಿರುವ ಕರ್ತವ್ಯವಾಗಿದೆ.