ಕೀಮೋ ಒಂದೇ ದಿನ, ಉಳಿದ ಇಪ್ಪತ್ತು ದಿನ ಮನೆಯಲ್ಲಿ

ರಾತ್ರಿ 11 ಗಂಟೆ. ಥರ್ಮಾಮೀಟರ್ 100.8 ತೋರಿಸ್ತಿತ್ತು. ಹೊರಗೆ ಜುಲೈ ತಿಂಗಳ ಮಳೆ, ಕರೆಂಟ್ ಹೋಗಿ ನಾಲ್ಕು ತಾಸಾಗಿತ್ತು. ಮೂರ್ನಾಡಿನ ನಮ್ಮ ತೋಟದ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ನಮ್ಮವರು ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದರು. 'ಈ ಮಳೆಯಲ್ಲಿ ಯಾರನ್ನ ಎಬ್ಬಿಸೋದು, ಬೆಳಿಗ್ಗೆ ನೋಡಿದ್ರಾಯ್ತು' ಅಂದುಕೊಂಡು ಜ್ವರದ ಮಾತ್ರೆ ಕೈಗೆತ್ತಿಕೊಂಡಿದ್ದೆ.

ಅದು ನನ್ನ ಎರಡನೇ ಕೀಮೋ ಆಗಿ ಹತ್ತನೇ ದಿನ. ಆ ರಾತ್ರಿ ಏನಾಯ್ತು ಅಂತ ಹೇಳೋ ಮುಂಚೆ, ಹತ್ತನೇ ದಿನ ಅಂದ್ರೆ ಏನು ಅಂತ ಹೇಳಬೇಕು.

21 ದಿನದ ಕ್ಯಾಲೆಂಡರ್

34ನೇ ವಯಸ್ಸಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ, ಕೀಮೋ ಅಂದ್ರೆ ಆಸ್ಪತ್ರೆಯಲ್ಲಿ ಅನುಭವಿಸೋ ಕಷ್ಟ ಅಂದುಕೊಂಡಿದ್ದೆ. ಹಾಗಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹೋಗಿ ಕುರ್ಚಿಯಲ್ಲಿ ಕೂತರೆ ಸಂಜೆ ಹೊತ್ತಿಗೆ ಮುಗಿಯುತ್ತಿತ್ತು. ನನಗೆ ಮೊದಲು 21 ದಿನಕ್ಕೊಮ್ಮೆ ನಾಲ್ಕು ಸಲ, ಆಮೇಲೆ ವಾರಕ್ಕೊಂದರಂತೆ 12 ಸಲ. ನಿಜವಾದ ಕೀಮೋ ಶುರುವಾಗೋದು ಮನೆಗೆ ಬಂದ ಮೇಲೆ.

ಕೀಮೋ ಔಷಧಿ ಬೇಗ ಬೇಗ ಬೆಳೆಯೋ ಕಣಗಳನ್ನ ಹೊಡೆಯುತ್ತೆ. ಕ್ಯಾನ್ಸರ್ ಕಣ ಹಾಗೇ ಬೆಳೆಯೋದು. ಆದರೆ ಕೂದಲ ಬೇರು, ಬಾಯಿಯ ಒಳಪದರ, ರಕ್ತ ತಯಾರಿಸೋ ಮೂಳೆ ಮಜ್ಜೆ ಕೂಡ ಬೇಗ ಬೆಳೆಯುವಂಥವೇ. ಅದಕ್ಕೇ ಏಟು ಅಲ್ಲಿಗೂ ಬೀಳುತ್ತೆ.

ಮೊದಲ ದಿನ ಮೂತ್ರ ಕೆಂಪಗೆ ಹೋಯ್ತು. ಡಾಕ್ಸೊರುಬಿಸಿನ್ ಅನ್ನೋ ಕೆಂಪು ಔಷಧಿಯ ಬಣ್ಣ ಅದು, ಮೊದಲೇ ಹೇಳದಿದ್ರೆ ರಕ್ತ ಅಂತ ಹೆದರಿಕೊಳ್ತಿದ್ದೆ. ಎರಡರಿಂದ ಐದನೇ ದಿನದವರೆಗೆ ವಾಕರಿಕೆ, ಸುಸ್ತು. ವಾಂತಿ ಬಂದ ಮೇಲಲ್ಲ, ಬರೋ ಮುಂಚೆಯೇ ಮಾತ್ರೆ ತಗೋಬೇಕು ಅನ್ನೋದು ಮೊದಲ ಸಲಕ್ಕೇ ಕಲಿತ ಪಾಠ. ಆರನೇ ದಿನದ ಹೊತ್ತಿಗೆ ಬಾಯಿಹುಣ್ಣು. ಕಾಚಂಪುಳಿ ಹಾಕಿದ ಸಾರು ನಾಲಿಗೆಗೆ ತಾಗಿದ್ರೆ ಕಣ್ಣಲ್ಲಿ ನೀರು. ಅವ್ವ ನೂಪುಟ್ಟನ್ನ ಹಾಲಲ್ಲಿ ನೆನೆಸಿ ಕೊಡ್ತಿದ್ದಳು. ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸೋದು. ಸ್ಟೀಲ್ ಚಮಚದಲ್ಲಿ ತಿಂದ್ರೆ ಎಲ್ಲವೂ ಕಬ್ಬಿಣದ ರುಚಿ, ಮರದ ಚಮಚ ಹಿಡಿದ ಮೇಲೆ ಸ್ವಲ್ಪ ಪರವಾಗಿಲ್ಲ ಅನ್ನಿಸ್ತು.

ಮೂರನೇ ವಾರ ಬಾಚಣಿಗೆ ತುಂಬ ಕೂದಲು. ವಿಗ್ ಆರ್ಡರ್ ಮಾಡೋಕೆ ಫೋನ್ ತೆಗೆದಿದ್ದೆ. ಅವ್ವ ಏನೂ ಹೇಳದೆ ತನ್ನ ತಲೆವಸ್ತ್ರವನ್ನ ತಂದು ಹಿಂದಕ್ಕೆ ಗಂಟು ಹಾಕಿ ಕಟ್ಟಿದ್ಳು. ಕನ್ನಡಿಯಲ್ಲಿ ನೋಡಿಕೊಂಡೆ. ರೋಗಿ ಥರ ಕಾಣಲಿಲ್ಲ, ಅಜ್ಜಿ ಥರ ಕಾಣ್ತಿದ್ದೆ. ಇಬ್ಬರೂ ನಕ್ಕೆವು. ವಿಗ್ ಕೊನೆಗೂ ತರಿಸಲಿಲ್ಲ.

ಆ ಹತ್ತನೇ ದಿನ

ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಸೋಂಕು ಬಂದ್ರೆ ಹೋರಾಡೋಕೆ ದೇಹದಲ್ಲಿ ಸೈನ್ಯವೇ ಇರಲ್ಲ. ಈ ದಿನಗಳಲ್ಲಿ 100.4 ದಾಟಿದ ಜ್ವರ ಮಾಮೂಲಿ ಜ್ವರ ಅಲ್ಲ, ಎಮರ್ಜೆನ್ಸಿ. ಡಾಕ್ಟರನ್ನ ಕೇಳದೆ ಜ್ವರದ ಮಾತ್ರೆ ನುಂಗಬಾರದು, ಜ್ವರ ಇಳಿದಂತೆ ಕಾಣುತ್ತೆ, ಸೋಂಕು ಒಳಗೇ ಬೆಳೀತಾ ಇರುತ್ತೆ. ಇದೆಲ್ಲ ನನಗೆ ಗೊತ್ತಿತ್ತು. ಫೈಲಿನಲ್ಲಿ ಬರೆದೂ ಇತ್ತು. ಆದರೂ ಮಾತ್ರೆ ಕೈಯಲ್ಲಿತ್ತು. ಕಾರಣ ಒಂದೇ, ಯಾರಿಗೂ ತೊಂದರೆ ಕೊಡಬಾರದು.

ಟಾರ್ಚ್ ಹಿಡಿದು ಬಂದ ಅವ್ವ ನನ್ನ ಕೈ ನೋಡಿದ್ಳು. "ಡಾಕ್ಟ್ರು ಹಂಗೇ ನುಂಗು ಅಂದಿದ್ರಾ?" ನಾನು ಸುಮ್ಮನಿದ್ದೆ. "ಹಂಗಾದ್ರೆ ಫೋನ್ ಮಾಡು. ನೀನು ಮಾಡದಿದ್ರೆ ನಾನೇ ಮಾಡ್ತೀನಿ."

ಪಕ್ಕದ ತೋಟದ ಅಣ್ಣ ಹತ್ತೇ ನಿಮಿಷಕ್ಕೆ ಜೀಪ್ ತಂದರು. ಮಡಿಕೇರಿ ರಸ್ತೆಯಲ್ಲಿ ಒಂದು ಕಡೆ ಮರದ ಕೊಂಬೆ ಬಿದ್ದಿತ್ತು, ಇಳಿದು ತಾವೇ ಎಳೆದು ಹಾಕಿದರು. ಆಸ್ಪತ್ರೆ ಬಾಗಿಲಲ್ಲಿ "ಕೀಮೋ ಪೇಷೆಂಟ್, ಹತ್ತನೇ ದಿನ, ಜ್ವರ" ಅಂತ ಒಂದೇ ಉಸಿರಿಗೆ ಹೇಳಿದೆ. ತಕ್ಷಣ ರಕ್ತ ತೆಗೆದು ಆ್ಯಂಟಿಬಯಾಟಿಕ್ ಡ್ರಿಪ್ ಹಾಕಿದರು. ಸೋಂಕಿನ ವಿರುದ್ಧ ಮೊದಲು ಎದ್ದು ನಿಲ್ಲೋ ನ್ಯೂಟ್ರೋಫಿಲ್ ಕಣ ಸಾಮಾನ್ಯವಾಗಿ 1500ಕ್ಕಿಂತ ಮೇಲಿರಬೇಕು. ನನ್ನದು 300.

ಐದು ದಿನ ಅಲ್ಲೇ ಇದ್ದೆ. "ಬೆಳಗ್ಗೆವರೆಗೂ ಕಾಯದಿದ್ದದ್ದು ಒಳ್ಳೇದಾಯ್ತು" ಅಂದರು ಡಾಕ್ಟರ್. ನೋಡೋಕೆ ಬಂದ ಅಣ್ಣನಿಗೆ ಕ್ಷಮೆ ಕೇಳೋಕೆ ಹೋದೆ. "ಎಬ್ಬಿಸದೆ ಇದ್ದಿದ್ರೆ ಬೈತಿದ್ದೆ ನಾನು" ಅಂದರು.

ಆಮೇಲೆ ಬದಲಾದದ್ದು

ಫ್ರಿಜ್ ಬಾಗಿಲಿಗೆ ಕ್ಯಾಲೆಂಡರ್ ಅಂಟಿಸಿ, 7ರಿಂದ 14ನೇ ದಿನಕ್ಕೆ ಕೆಂಪು ಗೆರೆ ಎಳೆದೆವು. ಬ್ಯಾಗ್ ರೆಡಿ, ಫೈಲ್ ಮೇಲೇ. ಬಿಳಿ ರಕ್ತಕಣ ಹೆಚ್ಚಿಸೋ ಇಂಜೆಕ್ಷನ್ ಶುರುವಾಯ್ತು. ಅದನ್ನ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ನಮ್ಮೂರ ಮಳೆಗಾಲದಲ್ಲಿ ಕರೆಂಟ್ ನಂಬೋ ಹಾಗಿಲ್ಲ. ಅದಕ್ಕೊಂದು ಐಸ್ ಬಾಕ್ಸ್ ಬಂತು. ಇಂಜೆಕ್ಷನ್ ಮಾತ್ರ ಐಸ್‌ಗೆ ನೇರವಾಗಿ ತಾಗಬಾರದು, ಹೆಪ್ಪುಗಟ್ಟಿದ್ರೆ ಹಾಳು.

ಆಫೀಸಲ್ಲೂ ಮುಚ್ಚಿಡೋದು ಬಿಟ್ಟೆ. ಒಂದು ಮೀಟಿಂಗ್‌ನಲ್ಲಿ ಎರಡು ವರ್ಷದಿಂದ ಮಾತಾಡ್ತಿದ್ದ ಕ್ಲೈಂಟ್ ಹೆಸರೇ ಮರೆತುಹೋಗಿತ್ತು. ಕೀಮೋ ಸಮಯದಲ್ಲಿ ಹೀಗೆ ಮಂಕು ಕವಿಯೋದು ಹಲವರಿಗೆ ಆಗುತ್ತೆ. ಮ್ಯಾನೇಜರ್‌ಗೆ ಹೇಳಿದೆ, ಕೆಲಸ ಮೂರನೇ ವಾರಕ್ಕೆ ಹೆಚ್ಚು, ಮೊದಲ ವಾರಕ್ಕೆ ಕಡಿಮೆ ಅಂತ ಹಂಚಿಕೊಂಡೆವು. ಡೇ ಕೇರ್ ಕೀಮೋ ಇನ್ಶೂರೆನ್ಸ್‌ನಲ್ಲಿ ಕವರ್ ಆಗುತ್ತಾ ಅಂತ ಎಚ್‌ಆರ್‌ನ ಮೊದಲೇ ಕೇಳಿಕೊಳ್ಳಿ. ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೈಲಿನಲ್ಲೂ ಕ್ಯಾನ್ಸರ್ ರೋಗಿಗಳಿಗೆ ರಿಯಾಯಿತಿ ಉಂಟು, ಕೊಡಗಿಗೆ ರೈಲೇ ಇಲ್ಲ ಅನ್ನೋದು ಬೇರೆ ಮಾತು!

ಸೆಪ್ಟೆಂಬರ್‌ನಿಂದ ವಾರದ ಕೀಮೋ. ವಾಕರಿಕೆ ಕಡಿಮೆ, ಆದರೆ ಬೆರಳ ತುದಿ ಜೋಮು. ಬಟನ್ ಹಾಕೋಕಾಗಲ್ಲ, ಬಿಸಿ ಪಾತ್ರೆ ಸುಟ್ಟರೂ ತಡವಾಗಿ ಗೊತ್ತಾಗುತ್ತೆ. ಬಟನ್ ಹಾಕಿಕೊಡು ಅಂತ ಅವ್ವನ್ನ ಕೇಳೋಕೆ ಆಗ ನಾಚಿಕೆ ಆಗಲಿಲ್ಲ.

ಕೊನೆಯ ಕೀಮೋ ನವೆಂಬರ್‌ನಲ್ಲಿ ಮುಗಿಯಿತು. ಹುತ್ತರಿ ದಿನ ಅವ್ವ ತಂಬುಟ್ಟು ಕಲಸಿ ಬಾಯಿಗಿಟ್ಟಳು. ಬಾಳೆಹಣ್ಣಿನ ಸಿಹಿ ಪೂರ್ತಿ ಅಲ್ಲದಿದ್ರೂ ಗೊತ್ತಾಯ್ತು. ಪಕ್ಕದ ತೋಟದ ಅಣ್ಣನ ಮನೆಗೂ ಒಂದು ಡಬ್ಬಿ ಹೋಯ್ತು.

ನಿಮ್ಮ ಮನೆಯಲ್ಲಿ ಯಾರಾದರೂ ಕೀಮೋದಲ್ಲಿದ್ದರೆ, ರಾತ್ರಿ ಯಾರಿಗೆ ಫೋನ್ ಮಾಡೋದು ಅಂತ ಇವತ್ತೇ ಮಾತಾಡಿಕೊಳ್ಳಿ. ನೀವು ಪಕ್ಕದ ಮನೆಯವರಾಗಿದ್ದರೆ, ಅವರು ಕೇಳೋ ಮುಂಚೆ ನೀವೇ ಹೇಳಿ: ಎಷ್ಟೊತ್ತಾದ್ರೂ ಸರಿ, ಎಬ್ಬಿಸಿ.